ಇಗರ್ಜಿ ಎಂಬ ಪದದ ಹಿಂದೆ

ಭಾನುವಾರ ಬೆಳಿಗ್ಗೆ ‘ಇಗರ್ಜಿಗೆ ಹೊರಟೆವು’ ಎನ್ನುವಾಗ ನಾವು ಕಟ್ಟಡವನ್ನು ಕುರಿತು ಹೇಳುತ್ತೇವೆಯೋ, ಅಲ್ಲಿ ಸೇರುವ ಜನರನ್ನು ಕುರಿತೋ? ಐರೋಪ್ಯ ಭಾಷೆಗಳು ಈ ಪ್ರಶ್ನೆಗೆ ಒಂದೇ ಉತ್ತರ ನೀಡಿಲ್ಲ.

ಪೋರ್ಚುಗೀಸರ ‘ಇಗ್ರೇಜಾ’ ಕರಾವಳಿಯ ಕೊಂಕಣಿಯಲ್ಲಿ ‘ಇಗರ್ಜ್’ ಆಯಿತು. ಕನ್ನಡದಲ್ಲಿ ‘ಇಗರ್ಜಿ’ ಎನಿಸಿತು. ಸ್ಪೇನಿನ ‘ಇಗ್ಲೇಸಿಯಾ’, ಫ್ರಾನ್ಸಿನ ‘ಎಗ್ಲೀಸ್’, ಇಟಲಿಯ ‘ಕಿಯೇಸಾ’, ದೂರದ ವೇಲ್ಸಿನ ‘ಎಗ್ಲೂಯಿಸ್’ ಇದರ ಒಡಹುಟ್ಟುಗಳು. ಇವೆಲ್ಲದರ ತಾಯಿಬೇರು ಗ್ರೀಕಿನ ‘ಎಕ್ಲೇಸಿಯಾ’. ಪ್ರಾಚೀನ ಅಥೆನ್ಸಿನಲ್ಲಿ ಅದು ದೇವಾಲಯವಲ್ಲ, ಪುರಪ್ರಜೆಗಳ ಮಹಾಸಭೆ. ನಿಕ್ಸ್ ಗುಡ್ಡದ ಮೇಲೆ ತೆರೆದ ಆಕಾಶದಡಿ ಸೇರಿ ಯುದ್ಧ-ಶಾಂತಿಗಳನ್ನು ತೀರ್ಮಾನಿಸುತ್ತಿದ್ದ ಸಭೆಯದು. (ಸ್ತ್ರೀಯರಿಗೂ ದಾಸರಿಗೂ ಅಲ್ಲಿ ಸ್ಥಾನವಿರಲಿಲ್ಲ ಎಂಬುದನ್ನು ಮರೆಯಬಾರದು.) ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದ ಯೆಹೂದ್ಯ ಪಂಡಿತರು ಇಸ್ರಯೇಲರ ಸಭೆಗೆ ಇದೇ ಪದವನ್ನು ಬಳಸಿದರು. ನಾಲ್ಕು ಶುಭಸಂದೇಶಗಳಲ್ಲಿ ಈ ಪದವಿರುವುದು ಸಂತ ಮತ್ತಾಯರಲ್ಲಿ ಮಾತ್ರ, 16 ಮತ್ತು 18ನೆಯ ಅಧ್ಯಾಯಗಳಲ್ಲಿ. ಎರಡು ಕಡೆಯೂ ಅದಕ್ಕೆ ಕಟ್ಟಡವೆಂಬ ಅರ್ಥವಿಲ್ಲ.

ಇಂಗ್ಲಿಷಿನ ‘ಚರ್ಚ್’ ಬೇರೊಂದು ವಂಶದ್ದು. ಗ್ರೀಕಿನ ‘ಕಿರಿಯಕೋನ್’, ಅಂದರೆ ‘ಪ್ರಭುವಿನದು’, ಅದರ ಮೂಲ. ಸ್ಕಾಟರ ‘ಕಿರ್ಕ್’, ಡಚ್ಚರ ‘ಕೆರ್ಕ್’, ಜರ್ಮನರ ‘ಕಿರ್ಶೆ’, ರಷ್ಯನ್ನರ ‘ತ್ಸೆರ್ಕೊವ್’ ಅದೇ ಕುಟುಂಬಕ್ಕೆ ಸೇರಿದವು. ರೊಮೇನಿಯದವರು ರೋಮನರ ಸಾರ್ವಜನಿಕ ಸಭಾಮಂದಿರವಾಗಿದ್ದ ‘ಬಸಿಲಿಕಾ’ದಿಂದ ‘ಬಿಸೆರಿಕ’ ಎಂದರು. ಪೋಲರ ‘ಕೊಶ್ಚೂವ್’ ಹುಟ್ಟಿದ್ದು ಕೋಟೆ ಎಂಬರ್ಥದ ಲ್ಯಾಟಿನ್ ಪದದಿಂದ! ಹಂಗೇರಿಯದ್ದು ಇನ್ನೂ ಸೋಜಿಗ. ‘ಪವಿತ್ರ ಮನೆ’ ಎಂದು ಬಿಡಿಸಬಹುದಾದ ‘ಎಜ್‌ಹಾಜ್’ ಅಲ್ಲಿ ಧರ್ಮಸಭೆಗೆ ಸಲ್ಲುತ್ತದೆ. ಕಟ್ಟಡಕ್ಕೆ ‘ತೆಂಪ್ಲೋಮ್’ ಎಂಬ ಬೇರೆ ಹೆಸರೇ ಇದೆ.

ಇದು ಬರಿಯ ಪಂಡಿತರ ವಿನೋದವಾಗಿ ಉಳಿಯಲಿಲ್ಲ. 1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿ ಮುದ್ರಿಸಿದಾಗ ‘ಚರ್ಚ್’ ಎಂಬುದನ್ನು ಕೈಬಿಟ್ಟು, ನೆರೆದ ಜನಸಮೂಹವೆಂಬ ಅರ್ಥದ ‘ಕಾಂಗ್ರಿಗೇಶನ್’ ಎಂಬ ಪದವನ್ನು ಇಟ್ಟರು. ಸಂತ ಥಾಮಸ್ ಮೋರ್ 1529ರಲ್ಲಿ ಇದನ್ನು ಉಗ್ರವಾಗಿ ಖಂಡಿಸಿದರು. ಹೆಸರನ್ನು ಅಳಿಸಿದರೆ ಪ್ರೇಷಿತರ ಕಾಲದಿಂದ ಬಂದ ಧರ್ಮಸಭೆಯ ಅಧಿಕಾರವೂ ಅಳಿಯುವುದೆಂಬ ಭಯ ಅವರದು. ನಮ್ಮ ಮಟ್ಟಿಗೆ ಹೇಳುವುದಾದರೆ, ಪದದ ಮೂಲಾರ್ಥದಲ್ಲಿ ಟಿಂಡೇಲರ ಕಡೆ ಹುರುಳಿತ್ತು. ಮೋರರ ಆತಂಕವೂ ಹುಸಿಯಲ್ಲ. 1535ರಲ್ಲಿ ರಾಜಾಜ್ಞೆಯಿಂದ ಮೋರರ ಶಿರಚ್ಛೇದವಾಯಿತು. 1536ರಲ್ಲಿ ಟಿಂಡೇಲರ ಕತ್ತು ಬಿಗಿದು, ದೇಹವನ್ನು ಸುಟ್ಟರು. ಇಬ್ಬರೂ ಸತ್ತದ್ದು ಈ ಒಂದು ಪದಕ್ಕಾಗಿಯಲ್ಲ, ಆದರೆ ಇಬ್ಬರೂ ತಮ್ಮ ಅಂತಃಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. 1611ರ ರಾಜ ಜೇಮ್ಸರ ಬೈಬಲ್ ‘ಚರ್ಚ್’ ಪದವನ್ನೇ ಮರಳಿ ತಂದಿತು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ ಎರಡನೆಯ ಅಧ್ಯಾಯಕ್ಕೆ ‘ದೇವಪ್ರಜೆ’ ಎಂಬ ಹೆಸರನ್ನಿಟ್ಟಿತು.

ಕನ್ನಡದಲ್ಲಿ ನಮಗೆ ಈ ತೊಡಕು ಕಡಿಮೆ. ಕಟ್ಟಡಕ್ಕೆ ‘ದೇವಾಲಯ’, ಜನರಿಗೆ ‘ಧರ್ಮಸಭೆ’ ಎಂಬ ಎರಡು ಪದಗಳಿವೆ. ಕೊಂಕಣಿಯ ಹಿರಿಯರಾದರೋ ಸುಣ್ಣ ಬಳಿಯುವ ಗೋಡೆಗೂ ‘ಇಗರ್ಜ್’ ಎನ್ನುತ್ತಾರೆ; ಭಕ್ತಿಯಿಂದ ‘ಇಗರ್ಜ್ ಮಾತಾ’ ಎಂದೂ ಕರೆಯುತ್ತಾರೆ.