ಮೂರೇ ಮೂರು ವ್ಯಾಟ್!

ದುಬೈನ ದೀಪ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬಂತು? ನಾನೇ ಹೇಳಲೇ? ಬುರ್ಜ್ ಖಲೀಫಾ! 828 ಮೀಟರ್ ಎತ್ತರ. ಮೈತುಂಬ 10 ಲಕ್ಷಕ್ಕೂ ಹೆಚ್ಚು ಎಲ್‌ಇಡಿ ಚುಕ್ಕೆ. ಹೊಸ ವರ್ಷದ ರಾತ್ರಿ ಇಡೀ ಕಟ್ಟಡವೇ ಸಿನಿಮಾ ಪರದೆ!

ಅದಲ್ಲ.

ನಾನು ಹೇಳಹೊರಟಿರುವ ದೀಪ ಅಂಗೈಯಲ್ಲಿ ಹಿಡಿಸುತ್ತದೆ. ನೋಡಲು ಅಜ್ಜನ ಕಾಲದ ಗಾಜಿನ ಬುರುಡೆ. ಒಳಗೆ ಹಳದಿ ಕಡ್ಡಿಗಳು. ಅಂಗಡಿಯಲ್ಲಿ ಎದುರಿಗಿಟ್ಟರೂ ನೀವು ಎರಡನೇ ಸಲ ತಿರುಗಿ ನೋಡುವುದಿಲ್ಲ.

ಹೆಸರು ದುಬೈ ಲ್ಯಾಂಪ್. ಮೊದಲು ದುಬೈನಲ್ಲಷ್ಟೇ ಮಾರಾಟಕ್ಕೆ ಬಂತು. ಲಂಡನ್ನಿನ ಅಂಗಡಿಯಲ್ಲಿ ಇರಲಿಲ್ಲ, ನ್ಯೂಯಾರ್ಕಿನಲ್ಲಿ ಇರಲಿಲ್ಲ, ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಂತೂ ಕೇಳಲೇಬೇಡಿ!

ಈಗ ಒಂದು ಲೆಕ್ಕ. ಹಿರಿಯರು '60 ಕ್ಯಾಂಡಲ್ ಬಲ್ಬು' ಅನ್ನುತ್ತಿದ್ದರಲ್ಲ, ಆ 60 ವ್ಯಾಟ್ ಬಲ್ಬು ಇದ್ದ ಜಾಗಕ್ಕೆ ದುಬೈ ಲ್ಯಾಂಪ್ ಹಾಕಬೇಕು. ಎಷ್ಟು ವ್ಯಾಟಿನದು ಸಾಕು? ಮುಂದೆ ಓದುವ ಮೊದಲು ಊಹಿಸಿ.

ಹದಿನಾಲ್ಕು? ಅದು ಸಿಎಫ್‌ಎಲ್ ಕಾಲದ ಮಾತು. ಒಂಬತ್ತು? ಅದು ಈಗ ನಿಮ್ಮ ಹಾಲ್‌ನಲ್ಲಿ ಉರಿಯುತ್ತಿರುವ ಎಲ್‌ಇಡಿ. ಆರು? ಇನ್ನೂ ಇಳಿಯಿರಿ. ಐದು? ಇಳಿಯಿರಿ!

ಮೂರು. ಮೂರೇ ಮೂರು ವ್ಯಾಟ್!

ಒಂದು 60 ವ್ಯಾಟ್ ಬಲ್ಬು ಕುಡಿಯುವ ಕರೆಂಟಿನಲ್ಲಿ ಇಪ್ಪತ್ತು ದುಬೈ ಲ್ಯಾಂಪ್ ಉರಿಸಬಹುದು. ಹಳೇ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 110 ಯೂನಿಟ್. ಇದಕ್ಕೆ ಐದೂವರೆ ಯೂನಿಟ್! 40 ವ್ಯಾಟಿನ ಜಾಗಕ್ಕೆ ಬರುವ ಇದರ ತಮ್ಮ 2 ವ್ಯಾಟ್. 25 ವ್ಯಾಟಿನ ಜಾಗಕ್ಕೆ ಬರುವ ಚಿಕ್ಕ ತಮ್ಮ ಬರೀ 1 ವ್ಯಾಟ್!

2016ರ ಅಕ್ಟೋಬರ್‌ನಲ್ಲಿ ದುಬೈ ಮುನಿಸಿಪಾಲಿಟಿ ಮತ್ತು ಫಿಲಿಪ್ಸ್ ಲೈಟಿಂಗ್ ಕಂಪನಿ ಸೇರಿ ಇದನ್ನು ಹೊರತಂದವು. ಅಂಗಡಿಯಲ್ಲಿ ಕೊಳ್ಳಬಹುದಾದ ಬಲ್ಬುಗಳ ಪೈಕಿ ಜಗತ್ತಿನಲ್ಲೇ ಅತ್ಯಂತ ಮಿತವ್ಯಯದ್ದು ಎಂದು ಸಾರಿದವು. ಒಂದು ವ್ಯಾಟಿಗೆ 200 ಲ್ಯೂಮೆನ್ ಬೆಳಕು!

200 ದೊಡ್ಡದೇ? 1879ಕ್ಕೆ ಹೋಗೋಣ. ಎಡಿಸನ್ನರ ಮೊದಲ ಇಂಗಾಲದ ಎಳೆಯ ಬಲ್ಬು ಒಂದು ವ್ಯಾಟಿಗೆ ಎರಡು ಲ್ಯೂಮೆನ್ ಕೂಡ ಕೊಡುತ್ತಿರಲಿಲ್ಲ. ಆಮೇಲೆ ಬಂದ ಟಂಗ್‌ಸ್ಟನ್ ಬಲ್ಬು ತಿಣುಕಾಡಿ ಹನ್ನೆರಡರಿಂದ ಹದಿನೈದು ಮುಟ್ಟಿತು. ಅಲ್ಲೇ ನಿಂತಿತು. ಇಡೀ ಇಪ್ಪತ್ತನೇ ಶತಮಾನ ಮನೆಮನೆಯಲ್ಲಿ ಉರಿದದ್ದು ಅದೇ! ಅದು ನಿಜವಾಗಿ ದೀಪವಲ್ಲ, ಒಲೆ. ಕುಡಿದ ಕರೆಂಟಿನ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚನ್ನು ಬಿಸಿಯಾಗಿ ಉಗುಳುತ್ತಿತ್ತು.

ದುಬೈನಲ್ಲಿ ಆ ಬಿಸಿ ಏನಾಗುತ್ತದೆ ಯೋಚಿಸಿ! ಹೊರಗೆ 45 ಡಿಗ್ರಿ. ಒಳಗೆ ಎಸಿ. ಬಲ್ಬು ಕೋಣೆಯನ್ನು ಕಾಯಿಸುತ್ತದೆ, ಎಸಿ ಅದೇ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಕಾಯಿಸಲು ದುಡ್ಡು, ಆರಿಸಲು ದುಡ್ಡು! ಗಾಯದ ಮೇಲೆ ಬರೆ ಅನ್ನುವುದು ಇದಕ್ಕೇ. 2014ರಲ್ಲಿ ಯುಎಇ ಈ ದುಂದಿನ ಬಲ್ಬುಗಳ ಆಮದನ್ನೇ ನಿಲ್ಲಿಸಿತು. ಸರಿಯಾಗೇ ಮಾಡಿತು.

ಹಾಗಾದರೆ ದುಬೈ ಲ್ಯಾಂಪಿನ ಒಳಗೆ ಏನಿದೆ? ಯಾವ ಅಪರೂಪದ ಲೋಹ? ಯಾವ ಗುಟ್ಟಿನ ಅನಿಲ? ಊಹಿಸಿ ನೋಡೋಣ.

ಏನೂ ಇಲ್ಲ! ಇದೇ ನನ್ನ ನಿದ್ದೆ ಕೆಡಿಸಿದ ಸಂಗತಿ.

ಒಂದು ಕಡ್ಡಿಯನ್ನು ಹತ್ತಿರದಿಂದ ನೋಡಿ. ಬೆಂಕಿಕಡ್ಡಿಗಿಂತ ತೆಳು. ಅದರ ಮೇಲೆ ಸಾಲಾಗಿ ಕೂತ ಪುಟಾಣಿ ಎಲ್‌ಇಡಿ ಚಿಪ್ಪುಗಳು, ಒಂದೊಂದೂ ಸಾಸಿವೆಗಿಂತ ಚಿಕ್ಕದು. ಅವು ಉಗುಳುವುದು ಬಿಳಿ ಬೆಳಕಲ್ಲ, ನೀಲಿ! ಮೇಲೆ ಹಚ್ಚಿದ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದಿಷ್ಟನ್ನು ನುಂಗಿ ಹಳದಿಯಾಗಿ ಹೊರಗೆ ಬಿಡುತ್ತದೆ. ನೀಲಿ, ಹಳದಿ ಬೆರೆತು ನಮ್ಮ ಕಣ್ಣಿಗೆ ಬಿಳಿ! ಇಂಥ ಬುರುಡೆಗಳ ಒಳಗೆ ಸಾಮಾನ್ಯವಾಗಿ ತುಂಬುವುದು ಹೀಲಿಯಂ. ಜಾತ್ರೆಯ ಬಲೂನಿನ ಅದೇ ಅನಿಲ! ಕಡ್ಡಿಯ ಬಿಸಿಯನ್ನು ಗಾಜಿಗೆ ಸಾಗಿಸುವುದು ಅದರ ಕೆಲಸ.

ಇಷ್ಟೆಲ್ಲ ಬೇರೆ ಎಲ್‌ಇಡಿ ಬುರುಡೆಗಳಲ್ಲೂ ಇದೆ. ವ್ಯತ್ಯಾಸ ಒಂದೇ. ಅಗ್ಗದ ಬಲ್ಬಿನಲ್ಲಿ ಚಿಪ್ಪು ಕಡಿಮೆ, ಒಂದೊಂದರ ಮೇಲೂ ಜಾಸ್ತಿ ಕರೆಂಟು. ಕರೆಂಟು ಏರಿಸಿದರೆ ಬೆಳಕೂ ಏರುತ್ತದೆ, ಆದರೆ ಅದೇ ಲೆಕ್ಕದಲ್ಲಲ್ಲ. ಏರಿಸಿದಷ್ಟೂ ಹೆಚ್ಚೆಚ್ಚು ಎಲೆಕ್ಟ್ರಾನುಗಳು ಬೆಳಕು ಕೊಡದೆ ಬಿಸಿಯಾಗಿ ವ್ಯರ್ಥವಾಗುತ್ತವೆ. ದುಬೈ ಲ್ಯಾಂಪಿನಲ್ಲಿ ಇದು ಉಲ್ಟಾ. ಚಿಪ್ಪು ಜಾಸ್ತಿ, ಪ್ರತಿಯೊಂದಕ್ಕೂ ಕರೆಂಟು ಕಡಿಮೆ. ಹತ್ತು ಜನರ ಹೊಲದ ಕೆಲಸಕ್ಕೆ ಇಪ್ಪತ್ತು ಆಳು ಬಿಟ್ಟ ಹಾಗೆ! ಯಾರಿಗೂ ಬೆವರಿಲ್ಲ, ಯಾರೂ ಬೇಗ ಸುಸ್ತಾಗುವುದಿಲ್ಲ. ಸಾದಾ ಬಲ್ಬಿಗಿಂತ ಹದಿನೈದು ಪಟ್ಟು ಬಾಳಿಕೆ ಎಂದು ಕಂಪನಿಯೇ ಹೇಳಿತು.

ಅಷ್ಟೇ! ಗುಟ್ಟು ಅಷ್ಟೇ!

ಎಂಜಿನಿಯರುಗಳಿಗೆ ಇದು ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಗಿದ್ದರೆ ಯಾಕೆ ಮಾಡಲಿಲ್ಲ? ಚಿಪ್ಪು ಹೆಚ್ಚಾದರೆ ಖರ್ಚು ಹೆಚ್ಚು. ಬಾಳಿಕೆ ಹೆಚ್ಚಾದರೆ ಮಾರಾಟ ಕಡಿಮೆ. ಇಂಥದ್ದೇ ಬೇಕು ಎಂದು ಕೇಳುವ ಗಿರಾಕಿ ಇರಲಿಲ್ಲ. ಒಂದು ಊರು ಕೇಳಿತು, ಬಲ್ಬು ಬಂತು! 2017ರೊಳಗೆ 20 ಲಕ್ಷ, 2021ರೊಳಗೆ 1 ಕೋಟಿ ಬಲ್ಬು ಎಂದು ಗುರಿ ಇಟ್ಟೇ ಅವರು ಶುರು ಮಾಡಿದ್ದು.

ಈಗ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಥೆಯ ನಿಜವಾದ ತಿರುವು ಇಲ್ಲಿದೆ.

1924ರ ಡಿಸೆಂಬರ್, ಜಿನೀವಾ. ಜಗತ್ತಿನ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಒಂದು ಕೂಟ ಕಟ್ಟಿಕೊಂಡವು. ಹೆಸರು ಫೀಬಸ್. ಅಂದಿನ ಬಲ್ಬುಗಳು 1,500ರಿಂದ 2,000 ಗಂಟೆ ಬಾಳುತ್ತಿದ್ದವು. ಕೂಟ ಏನು ತೀರ್ಮಾನಿಸಿತು? ಬಾಳಿಕೆ ಇನ್ನೂ ಹೆಚ್ಚಿಸೋಣ ಎಂದೇ? ಇಲ್ಲ! 1,000 ಗಂಟೆಗೆ ಇಳಿಸೋಣ ಎಂದು! ಕಾರ್ಖಾನೆಗಳಿಂದ ಮಾದರಿ ತರಿಸಿ ಪರೀಕ್ಷೆ. ಯಾರ ಬಲ್ಬು ಜಾಸ್ತಿ ದಿನ ಉರಿಯಿತೋ ಅವರಿಗೆ ದಂಡ! ಚೆನ್ನಾಗಿ ಮಾಡಿದ್ದಕ್ಕೆ ದಂಡ! ಬೇಗ ಸುಡುವ ಎಳೆ ಹೆಚ್ಚು ಪ್ರಖರವಾಗಿ ಉರಿಯುತ್ತದೆ ಎಂಬ ಸಮರ್ಥನೆ ಇತ್ತು, ಅದು ಪೂರ್ತಿ ಸುಳ್ಳಲ್ಲ. ಆದರೆ ಆಯ್ಕೆಯನ್ನು ಗಿರಾಕಿಗೆ ಬಿಡಬಹುದಿತ್ತಲ್ಲ?

ಆ ಕೂಟದಲ್ಲಿ ಜರ್ಮನಿಯ ಓಸ್ರಾಮ್ ಇತ್ತು. ಇನ್ನೊಂದು ಮುಖ್ಯ ಸದಸ್ಯ ಕಂಪನಿ ಯಾವುದು, ಊಹಿಸಬಲ್ಲಿರಾ?

ಫಿಲಿಪ್ಸ್!

ಹೌದು, ಅದೇ ಫಿಲಿಪ್ಸ್! 1924ರಲ್ಲಿ ಬಲ್ಬಿನ ಆಯಸ್ಸು ಕತ್ತರಿಸಿದವರೇ 92 ವರ್ಷದ ಮೇಲೆ ದುಬೈನವರು ಕೇಳಿದಾಗ ಆಯಸ್ಸು ಗಟ್ಟಿ ಇರುವ ಬಲ್ಬು ಮಾಡಿಕೊಟ್ಟರು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಬಲ್ಬೊಂದಿದೆ. ಫೀಬಸ್ ಹುಟ್ಟುವ ಮೊದಲೇ ಹುಟ್ಟಿದ್ದು. ಪುಣ್ಯವಂತ ಬಲ್ಬು!

ಇನ್ನೊಂದು ವರ್ಷ ಹೇಳುತ್ತೇನೆ: 1962. ಆ ಜುಲೈನಲ್ಲಿ ಅಬುಧಾಬಿಯ ದಾಸ್ ದ್ವೀಪದಿಂದ ಮೊದಲ ಕಚ್ಚಾತೈಲದ ಹಡಗು ಹೊರಟಿತು. ಅಲ್ಲಿನವರ ಅದೃಷ್ಟ ತಿರುಗಿದ ಗಳಿಗೆ ಅದು. ಮೂರೇ ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ನಿಕ್ ಹೊಲೊನ್ಯಾಕ್ ಎಂಬ ತರುಣ ವಿಜ್ಞಾನಿ ಒಂದು ಕೆಂಪು ಚುಕ್ಕೆ ಬೆಳಗಿಸಿ ತೋರಿಸಿದರು. ಕಣ್ಣಿಗೆ ಕಾಣುವ ಮೊದಲ ಎಲ್‌ಇಡಿಗಳಲ್ಲೊಂದು! ಒಂದೇ ವರ್ಷ! ಮುಂದೆ ಬಲ್ಬಿನ ಜಾಗವನ್ನು ಇದೇ ಹಿಡಿಯುತ್ತದೆ ಎಂದು 1963ರಲ್ಲೇ ಅವರು ಹೇಳಿಬಿಟ್ಟರು.

ಆದರೆ ಕೆಂಪೊಂದೇ ಸಾಲದಲ್ಲ. ಬಿಳಿಗೆ ನೀಲಿ ಬೇಕು. ಆ ನೀಲಿಗಾಗಿ ಜಗತ್ತು ಎಷ್ಟು ವರ್ಷ ಕಾಯಿತು ಗೊತ್ತೇ? ಮೂವತ್ತು! ಜಪಾನಿನ ನಗೋಯಾದಲ್ಲಿ ಅಕಸಾಕಿ ಮತ್ತು ಅಮಾನೊ ಎಂಬ ವಿಜ್ಞಾನಿಗಳು ದಾರಿ ಹಾಕಿದರು. 1993ರಲ್ಲಿ ನಿಚಿಯಾ ಎಂಬ ಸಣ್ಣ ಕಂಪನಿಯಲ್ಲಿದ್ದ ಶುಜಿ ನಕಮುರಾ ಝಗ್ಗೆನ್ನುವ ನೀಲಿ ಎಲ್‌ಇಡಿ ಮಾಡಿದರು. ಅದಕ್ಕೆ ಕಂಪನಿ ಕೊಟ್ಟ ಬಹುಮಾನ 20,000 ಯೆನ್. ಒಂದು ಒಳ್ಳೆಯ ಶೂ ಜೊತೆಗೂ ಕಷ್ಟ! 2014ರಲ್ಲಿ ಮೂವರಿಗೂ ನೊಬೆಲ್ ಬಂತು.

ಕನ್ನಡಿಗರಿಗೆ ಬೀಗಲು ಒಂದು ಜಾಗ ಇಲ್ಲಿದೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ! ದುಬೈನಲ್ಲಿ ವಿದ್ಯುತ್ ಕಂಪನಿ ಹುಟ್ಟಿದ್ದು ಯಾವಾಗ? 1959ರಲ್ಲಿ! ನಾವು 54 ವರ್ಷ ಮುಂದಿದ್ದೆವು. ಈಗ ಯಾರು ಮುಂದಿದ್ದಾರೆ ಎಂದು ಕೇಳಬೇಡಿ, ಬೇಜಾರಾಗುತ್ತದೆ. (ಮೈಸೂರು ಅರಮನೆಯ ಸುಮಾರು 97 ಸಾವಿರ ಬಲ್ಬುಗಳ ಹಳದಿ ಬೆಳಕನ್ನು ಮಾತ್ರ ಯಾರೂ ಮುಟ್ಟಕೂಡದು. ಅದಕ್ಕೆ ನನ್ನಿಂದ ಪೂರ್ತಿ ವಿನಾಯಿತಿ!)

ಬಲ್ಬಿನ ಲೆಕ್ಕ ಸಾಕು. ಬನ್ನಿ, ಬೆಳಕಿನ ಸೊಬಗು ನೋಡಲು ಅಬುಧಾಬಿಗೆ. ದುಬೈನಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಶೇಖ್ ಝಾಯೆದ್ ಮಸೀದಿ. 82 ಗುಮ್ಮಟ, ಹಾಲಿನಂಥ ಅಮೃತಶಿಲೆ. ರಾತ್ರಿ ಅದರ ಮೇಲೆ ಬೆಳಕು ಬೀಳುತ್ತದೆ. ಒಂದು ರಾತ್ರಿ ಹೋದವರು ಬಿಳಿ ಬಣ್ಣದಲ್ಲಿತ್ತು ಅನ್ನುತ್ತಾರೆ. ಇನ್ನೊಂದು ರಾತ್ರಿ ಹೋದವರು ಅಲ್ಲ, ಕಡುನೀಲಿ ಅನ್ನುತ್ತಾರೆ. ಇಬ್ಬರೂ ಜಗಳಕ್ಕೆ ನಿಂತರೆ ಯಾರು ಸರಿ?

ಇಬ್ಬರೂ! ಅಲ್ಲಿ ಬಣ್ಣವನ್ನು ತೀರ್ಮಾನಿಸುವವನು ಯಾರು ಹೇಳಿ?

ಚಂದ್ರ!

ಹುಣ್ಣಿಮೆಯ ರಾತ್ರಿ ಮಸೀದಿ ಅಚ್ಚ ಬಿಳಿ. ಕೃಷ್ಣಪಕ್ಷದಲ್ಲಿ ಚಂದ್ರ ಸವೆಯುತ್ತ ಹೋದ ಹಾಗೆ ಗೋಡೆಗಳಿಗೆ ನೀಲಿ ಏರುತ್ತದೆ. ಅಮಾವಾಸ್ಯೆಗೆ ಕಡುನೀಲಿ! ಶುಕ್ಲಪಕ್ಷ ಬಂತೋ, ಮತ್ತೆ ಮೆಲ್ಲಗೆ ಬಿಳಿಯತ್ತ. ಇಸ್ಲಾಮಿನ ತಿಂಗಳು ನಡೆಯುವುದೇ ಚಂದ್ರನ ಲೆಕ್ಕದಲ್ಲಿ, ಹಾಗಾಗಿ ಮಸೀದಿಯೂ ತಿಥಿ ನೋಡಿಕೊಂಡು ಬಣ್ಣ ಬದಲಿಸುತ್ತದೆ. ನಮ್ಮ ಪಂಚಾಂಗ ಬಲ್ಲ ಅಜ್ಜಿಯನ್ನು ಕರೆದುಕೊಂಡು ಹೋದರೆ ಗೋಡೆ ನೋಡಿ ಹೆಚ್ಚುಕಡಿಮೆ ತಿಥಿ ಹೇಳಿಬಿಡುತ್ತಾರೆ!

ಇನ್ನೂ ಇದೆ. ಗೋಡೆಯನ್ನೇ ದಿಟ್ಟಿಸಿ. ಬೆಳಕು ನಿಂತಿಲ್ಲ, ಚಲಿಸುತ್ತಿದೆ! ಸುತ್ತ ನಿಲ್ಲಿಸಿದ 22 ಕಂಬಗಳಿಂದ ಅಮೃತಶಿಲೆಯ ಮೇಲೆ ಮೋಡಗಳ ನೆರಳು ತೇಲಿಬಿಟ್ಟಿದ್ದಾರೆ. ಚಂದ್ರನ ಮುಂದೆ ಮೋಡ ಹಾದಂತೆ. ಮೋಡವೇ ಅಪರೂಪವಾದ ಊರಿನಲ್ಲಿ ದಿನಾ ರಾತ್ರಿ ಮೋಡ!

ಇದನ್ನು ಕಲ್ಪಿಸಿದವರು ಸ್ಪೈರ್ಸ್ ಅಂಡ್ ಮೇಜರ್ ಎಂಬ ಬ್ರಿಟಿಷ್ ಸಂಸ್ಥೆಯವರು. ಅದರ ಜೊನಾಥನ್ ಸ್ಪೈರ್ಸ್ ದುಬೈನ ಬುರ್ಜ್ ಅಲ್ ಅರಬ್ ಹೋಟೆಲಿಗೂ ಬೆಳಕಿನ ವಿನ್ಯಾಸ ಮಾಡಿದವರು. ಅಲ್ಲಿ ಬಣ್ಣದ ಆಟ ಆಡಿದ ಕೈ ಇಲ್ಲಿ ಎಷ್ಟು ಸಂಯಮದಲ್ಲಿದೆ! ನನ್ನ ಕೇಳಿದರೆ ಕೊಲ್ಲಿಯ ಎಲ್ಲ ದೀಪಾಲಂಕಾರಗಳಲ್ಲಿ ಮೊದಲ ಸ್ಥಾನ ಈ ಮಸೀದಿಗೆ. ಗೋಪುರದ ಮೇಲೆ ಜಾಹೀರಾತು ಓಡಿಸುವುದು ದುಡ್ಡಿದ್ದರೆ ಯಾರಿಗೂ ಆಗುತ್ತದೆ.

ಸರಿ, ಈ ದೀಪಗಳಿಗೆ ಕರೆಂಟು ಎಲ್ಲಿಂದ? ಹೆಚ್ಚಿನ ಪಾಲು ಇನ್ನೂ ಗ್ಯಾಸಿನಿಂದ, ನಿಜ. ಆದರೆ ದುಬೈನ ಮರುಭೂಮಿಯಲ್ಲಿ ಒಂದು ಗೋಪುರ ಎದ್ದಿದೆ. ಮುರುಡೇಶ್ವರದ ರಾಜಗೋಪುರದ ಎತ್ತರ ಗೊತ್ತಲ್ಲ? ಅಂಥ ಮೂರನ್ನು ಒಂದರ ಮೇಲೊಂದು ಪೇರಿಸಿ. ಆದರೂ ಕಡಿಮೆ ಬೀಳುತ್ತದೆ! 262.44 ಮೀಟರ್! ಕೆಳಗೆ 70,000 ಕನ್ನಡಿ ವ್ಯೂಹಗಳು ಸೂರ್ಯನನ್ನು ಹಿಂಬಾಲಿಸಿ ತಿರುಗುತ್ತ ಬಿಸಿಲನ್ನೆಲ್ಲ ಅದರ ತುದಿಗೆ ಎರಚುತ್ತವೆ. ತುದಿಯಲ್ಲಿ ಕರಗಿದ ಉಪ್ಪು ಕಾಯುತ್ತದೆ, ತೊಟ್ಟಿಗೆ ಇಳಿಯುತ್ತದೆ, 15 ಗಂಟೆಗಳವರೆಗೂ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಬಿಸಿಯಿಂದ ಉಗಿ, ಉಗಿಯಿಂದ ಕರೆಂಟು. ಮಧ್ಯಾಹ್ನದ ಬಿಸಿಲು ಮಧ್ಯರಾತ್ರಿ ಬಲ್ಬಿನಲ್ಲಿ ಉರಿಯುತ್ತದೆ!

ಇಷ್ಟು ಓದಿ ದುಬೈ ಲ್ಯಾಂಪ್ ದುಬೈನವರಿಗಷ್ಟೇ ಎಂದು ಹೊಟ್ಟೆ ಉರಿಯುತ್ತಿದೆಯೇ? ನನಗೂ ಉರಿದಿತ್ತು. ಸಮಾಧಾನದ ಸುದ್ದಿ ಇದೆ. 2021ರಲ್ಲಿ ಅದೇ ಕಂಪನಿ, ಈಗ ಸಿಗ್ನಿಫೈ ಎಂಬ ಹೊಸ ಹೆಸರಿನಲ್ಲಿ, ಅದೇ ತಂತ್ರದ ಬಲ್ಬನ್ನು ಯುರೋಪಿಗೂ ತಂದಿತು. 4 ವ್ಯಾಟಿಗೆ 840 ಲ್ಯೂಮೆನ್. ಬಾಳಿಕೆ 50,000 ಗಂಟೆ. ದಿನಕ್ಕೆ 5 ಗಂಟೆ ಉರಿಸಿದರೆ ಎಷ್ಟು ವರ್ಷ?

ಇಪ್ಪತ್ತೇಳು! ಇಂದು ತೊಟ್ಟಿಲಲ್ಲಿರುವ ಮಗುವಿನ ಮದುವೆ ಚಪ್ಪರದ ದಿನವೂ ಅದೇ ಬಲ್ಬು!

ನಮ್ಮಲ್ಲೂ ಕ್ರಾಂತಿ ಆಗಿದೆ, ಮರೆಯಬಾರದು. ಕೇಂದ್ರದ ಉಜಾಲಾ ಯೋಜನೆ ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿಕೆಯಾಯಿತು. ಆದರೆ ಅವು ಹೆಚ್ಚಾಗಿ 9 ವ್ಯಾಟಿನವು. ಇನ್ನೂ ಇಳಿಯಲು ಜಾಗವಿದೆ, ಕೇಳುವವರು ಬೇಕು.

ಆದ್ದರಿಂದ ಮುಂದಿನ ಸಲ ಬಲ್ಬು ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ. ಡಬ್ಬಿ ತಿರುಗಿಸಿ, ಲ್ಯೂಮೆನ್ ಎಷ್ಟು ಬರೆದಿದೆ ಹುಡುಕಿ. ಅದನ್ನು ವ್ಯಾಟಿನಿಂದ ಭಾಗಿಸಿ. 80 ಬಂದರೆ ವಾಪಸ್ ಇಡಿ. 100 ಬಂದರೆ ಪರವಾಗಿಲ್ಲ. 150 ಬಂದರೆ ಅಂಗಡಿಯವರಿಗೆ ಶಹಬ್ಬಾಸ್ ಹೇಳಿ. 200 ದಾಟಿದರೆ, ಎರಡು ಮಾತಿಲ್ಲ, ದುಡ್ಡು ಜಾಸ್ತಿಯಾದರೂ ತಗೊಳ್ಳಿ!