ನಾಯಿಯ ಕಿವಿ ಸೋರುತ್ತಿದೆಯೇ?



ರಾಸುಗಳಿಗೆ ಮೀಸಲಾದ ಈ ಪುಟದಲ್ಲಿ ಈ ಬಾರಿ ಕೊಟ್ಟಿಗೆ ಕಾಯುವ ನಾಯಿಯ ವಿಷಯ. ನಾಯಿ ಪದೇ ಪದೇ ತಲೆ ಕೊಡವುತ್ತಿದ್ದರೆ, ಕಿವಿ ಕೆರೆದುಕೊಳ್ಳುತ್ತಿದ್ದರೆ, ಕಿವಿಯಿಂದ ಕೀವು, ದುರ್ವಾಸನೆ ಬರುತ್ತಿದ್ದರೆ ತಾನಾಗಿ ವಾಸಿಯಾದೀತೆಂದು ಬಿಡಬೇಡಿ.

ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು ಅನಂತರ ಒಳಕ್ಕೆ ತಿರುಗುತ್ತದೆ. ಈ ತಿರುವಿನಲ್ಲಿ ಗುಗ್ಗೆ, ತೇವ ನಿಂತು ರೋಗಾಣುಗಳು ಬೆಳೆಯುತ್ತವೆ. ಚರ್ಮದ ಅಲರ್ಜಿ, ನುಸಿ, ಕಿವಿಯೊಳಗೆ ಸೇರಿದ ಉಣ್ಣೆ ಅಥವಾ ಹುಲ್ಲಿನ ಮುಳ್ಳು ಇದಕ್ಕೆ ನಾಂದಿ. ಆರಂಭದಲ್ಲಿ ಕಿವಿ ಶುಚಿಗೊಳಿಸಿ ಹನಿ ಔಷಧ ಬಿಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಚರ್ಮ ದಪ್ಪವಾಗಿ ದಾರಿ ಮುಚ್ಚುತ್ತದೆ. ಮೃದ್ವಸ್ಥಿ ಸುಣ್ಣಗಟ್ಟಿ ಗಟ್ಟಿಯಾಗುತ್ತದೆ. ಆಗ ಔಷಧ ಒಳಗೆ ಇಳಿಯುವುದೇ ಇಲ್ಲ.

ಅಂಥ ಕಿವಿಗೆ ಶಸ್ತ್ರಚಿಕಿತ್ಸೆಯೇ ದಾರಿ. ನಾಳವನ್ನು ಪೂರ್ತಿಯಾಗಿ ತೆಗೆದು, ಅದರ ತಳದಲ್ಲಿರುವ ಮೂಳೆಯ ಗೂಡನ್ನು ತೆರೆದು ಕೀವು ಹಾಗೂ ರೋಗ ತಗಲಿದ ಒಳಪದರವನ್ನು ಕೆರೆದು ತೆಗೆಯುತ್ತಾರೆ. ಹೊರಗಿನ ಹಾಲೆ ಹಾಗೆಯೇ ಇರುತ್ತದೆ. ಆದರೆ ಆ ಕಿವಿ ಬಹುಮಟ್ಟಿಗೆ ಕೇಳಿಸುವುದಿಲ್ಲ. 'ಕಿವುಡು ನಾಯಿ ಏನು ಕಾದೀತು?' ಎಂದು ಹಿಂಜರಿಯುವವರುಂಟು. ಮುಚ್ಚಿಹೋದ ಕಿವಿಗೆ ಮೊದಲೇ ಕೇಳಿಸುತ್ತಿದ್ದುದು ಅಲ್ಪ. ನೋವು ಮಾತ್ರ ಹಗಲಿರುಳೂ ಇತ್ತು. ಇನ್ನೊಂದು ಕಿವಿ ಚೆನ್ನಾಗಿದ್ದರೆ ಅದು ಕಾವಲಿಗೆ ಒದಗುತ್ತದೆ.

ಇದು ಸಣ್ಣ ಕೆಲಸವಲ್ಲ. ಮುಖದ ನರ ನಾಳಕ್ಕೆ ಹೊಂದಿಕೊಂಡೇ ಇರುವುದರಿಂದ ಕೆಲವು ನಾಯಿಗಳಿಗೆ ಆ ಬದಿಯ ರೆಪ್ಪೆ ಕೆಲವು ವಾರ ಮುಚ್ಚುವುದಿಲ್ಲ. ಅಪರೂಪಕ್ಕೆ ಶಾಶ್ವತವಾಗಿಯೂ ಹಾಗೆಯೇ ಉಳಿಯಬಹುದು. ಒಳಪದರದ ಚೂರು ಉಳಿದರೆ ತಿಂಗಳುಗಳ ನಂತರ ಮತ್ತೆ ಕೀವುಗಟ್ಟೀತು. ಆದ್ದರಿಂದ ನಿಮ್ಮ ಪಶುವೈದ್ಯರ ಚೀಟಿ ಪಡೆದು ಹೆಬ್ಬಾಳ, ಬೀದರ್, ಶಿವಮೊಗ್ಗ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹೊಲಿಗೆ ಬಿಚ್ಚುವ 10ರಿಂದ 14 ದಿನ ನಾಯಿ ಕೆರೆದುಕೊಳ್ಳಬಾರದು. ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಕೊರಳಿಗೆ ಕಟ್ಟಿದರೂ ಸಾಕು.

ತಲೆ ಕೊಡವಿ ಕೊಡವಿ ಹಾಲೆಯಲ್ಲಿ ರಕ್ತ ತುಂಬಿ ಪುಗ್ಗೆಯಂತೆ ಊದುವುದೂ ಉಂಟು. ಅದನ್ನು ಮನೆಯಲ್ಲಿ ಚುಚ್ಚಬೇಡಿ. ವೈದ್ಯರು ಒಳಬದಿಯಲ್ಲಿ ಕೊಯ್ದು ರಕ್ತ ತೆಗೆದು, ಪದರಗಳು ಕೂಡಿಕೊಳ್ಳುವಂತೆ ಹೊಲಿಗೆ ಹಾಕುತ್ತಾರೆ. ಒಳಗಿನ ಕಾಯಿಲೆಗೆ ಚಿಕಿತ್ಸೆಯಾಗದಿದ್ದರೆ ಮತ್ತೆ ಊದುತ್ತದೆ.

ಕಾಯಿಸಿದ ಎಣ್ಣೆ, ಸೀಮೆಎಣ್ಣೆ, ಉಣ್ಣೆಗೆ ಹಚ್ಚುವ ಔಷಧ ಇವನ್ನು ಕಿವಿಗೆ ಸುರಿಯಲೇಕೂಡದು. ತಮಟೆ ಹರಿದಿದ್ದರೆ ನೇರ ನಡುಗಿವಿಗೆ ಇಳಿಯುತ್ತದೆ. ಕಿವಿನೋವಿನ ನಾಯಿ ಯಜಮಾನನನ್ನೂ ಕಚ್ಚೀತು. ಮುಟ್ಟುವ ಮೊದಲು ಬಾಯಿಗೆ ಬಟ್ಟೆ ಕಟ್ಟಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿ.