ಸದ್ದು ಮಾಡದ ಗಣಕಯಂತ್ರ

ನಮ್ಮ ಆಂಟಾಪ್ ಹಿಲ್ಲಿನ ಮನೆಗಳಲ್ಲಿ ಓದುವುದಕ್ಕೆಂದೇ ಬೇರೊಂದು ಕೋಣೆಯಿರುವುದು ವಿರಳ. ಅಡಿಗೆ, ಊಟ, ನಿದ್ರೆ, ಅಭ್ಯಾಸ ಎಲ್ಲವೂ ಒಂದೇ ಖೋಲಿಯಲ್ಲಿ ನಡೆಯತಕ್ಕವು. ಅಂಥ ಖೋಲಿಯ ಮೂಲೆಯಲ್ಲಿ ಗಣಕಯಂತ್ರವೊಂದು ಬಂದು ಕುಳಿತರೆ ಮೊದಲನೆಯ ವಾರ ಮನೆಮಂದಿಗೆಲ್ಲ ಹಬ್ಬ. ಎರಡನೆಯ ವಾರದಿಂದ ಅದರ ಗುಂಯ್‌ಗುಟ್ಟುವಿಕೆ ಕಿವಿಗೆ ತಾಗತೊಡಗುತ್ತದೆ. ರಾತ್ರಿಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಬೇಕು. ನಸುಕಿನಲ್ಲಿ ಏಳುವ ತಾಯಿ ರಾತ್ರಿ ಹತ್ತಕ್ಕೇ ಕಣ್ಣು ಮುಚ್ಚಬೇಕು. "ಸಾಕು, ಅದನ್ನು ಆರಿಸು" ಎಂಬ ಅಪ್ಪಣೆ ಹೊರಡುತ್ತದೆ. ಅಭ್ಯಾಸಕ್ಕೆಂದು ಸಾಲಮಾಡಿ ತಂದ ಯಂತ್ರವು ಅಭ್ಯಾಸದ ಹೊತ್ತಿನಲ್ಲಿಯೇ ಮುಸುಕು ಹೊದ್ದು ಕೂತಿರುತ್ತದೆ. ಆದುದರಿಂದ ಗಣಕಯಂತ್ರವನ್ನು ಕೊಳ್ಳುವಾಗ ಅದರ ವೇಗವನ್ನು ವಿಚಾರಿಸುವಂತೆಯೇ ಅದರ ಸದ್ದನ್ನೂ ವಿಚಾರಿಸಬೇಕು.

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ನಮ್ಮ ದೇಶದ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ವಸತಿಪ್ರದೇಶಗಳಲ್ಲಿ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ಲನ್ನು ಮೀರಕೂಡದು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರ ತನ್ನ ಮಾರ್ಗಸೂಚಿಯಲ್ಲಿ, ಮಲಗುವ ಕೋಣೆಯೊಳಗಿನ ಎಡೆಬಿಡದ ಸದ್ದು ೩೦ ಡೆಸಿಬೆಲ್ಲಿನೊಳಗೆ ಇರಬೇಕೆಂದಿದೆ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಯಿತು. ನಮ್ಮ ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಹಾರ್ಬರ್ ಮಾರ್ಗದ ಗಾಡಿ ಹಾದುಹೋಗುವಾಗ ಯಂತ್ರದ ಸದ್ದು ಯಾರಿಗೂ ಕೇಳಿಸದು ಎಂದು ನೀವು ಹೇಳಬಹುದು. ನಿಜ, ಆದರೆ ಗಾಡಿ ಹೊರಟುಹೋಗುತ್ತದೆ, ಯಂತ್ರ ಅಲ್ಲಿಯೇ ಇರುತ್ತದೆ.

ಈ ಸದ್ದಿನ ಮೂಲವೆಲ್ಲಿ? ಗಣಕಯಂತ್ರವು ಹೊರೆ ಎತ್ತುವುದಿಲ್ಲ, ನೀರು ಸೇದುವುದಿಲ್ಲ. ಅದು ತಿನ್ನುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಕಾವಾಗಿ ಪರಿಣಮಿಸುತ್ತದೆ. ನಮ್ಮ ನಗರದ ಕೊಲಾಬದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರ ಸುಮಾರಿಗೆ ಕೆಲಸ ಆರಂಭಿಸಿದ ದೇಶೀಯ ಗಣಕ 'ಟಿಫ್ರಾಕ್'ದಲ್ಲಿ ಸುಮಾರು ೨,೭೦೦ ನಿರ್ವಾತ ನಳಿಕೆಗಳಿದ್ದವು; ಒಂದೊಂದೂ ಸಣ್ಣ ದೀಪದಂತೆ ಬಿಸಿಯಾಗತಕ್ಕುದು. ಅದಕ್ಕೆ ಆ ಹೆಸರನ್ನಿಟ್ಟವರು ಪ್ರಧಾನಿ ಜವಾಹರಲಾಲ್ ನೆಹರೂ ಅವರು, ೧೯೬೨ರಲ್ಲಿ. ಇಂದು ಅದಕ್ಕಿಂತ ಎಷ್ಟೋ ಪಾಲು ಬಲವಾದ ಯಂತ್ರ ಅಂಗೈಯಗಲದ ಹಲಗೆಯ ಮೇಲೆ ಹಿಡಿಸುತ್ತದೆ. ಕಾವಿನ ನಿಯಮ ಮಾತ್ರ ಬದಲಾಗಿಲ್ಲ. ನೂರು ವ್ಯಾಟ್ ತಿನ್ನುವ ಗಣಕವು ಹಳೆಯ ನೂರು ವ್ಯಾಟ್ ಬಲ್ಬಿನಷ್ಟೇ ಖೋಲಿಯನ್ನು ಕಾಯಿಸುತ್ತದೆ. ಆ ಕಾವನ್ನು ಹೊರದೂಡಲು ಗಾಳಿ ಬೇಕು, ಗಾಳಿಗೆ ಪಂಖ ಬೇಕು, ಪಂಖ ತಿರುಗಿದರೆ ಸದ್ದು. ಈ ಸರಪಳಿಯನ್ನು ಕೊನೆಯಲ್ಲಿ ಹಿಡಿಯುವುದಕ್ಕಿಂತ ಮೊದಲಲ್ಲಿಯೇ ಹಿಡಿಯುವುದು ಜಾಣತನ. ಬೆಲೆಬಾಳುವ ಪಂಖವನ್ನು ಹುಡುಕುವ ಮುನ್ನ ಕಡಿಮೆ ಕಾಯುವ ಪ್ರೊಸೆಸರನ್ನು ಹುಡುಕಬೇಕು.

ಪ್ರೊಸೆಸರೆಂದರೆ ಲೆಕ್ಕವೆಲ್ಲ ನಡೆಯುವ ಬಿಲ್ಲೆ. ಅದರ ಪೆಟ್ಟಿಗೆಯ ಮೇಲೆ ವ್ಯಾಟುಗಳಲ್ಲಿ ಒಂದು ಅಂಕಿ ಕೊಟ್ಟಿರುತ್ತಾರೆ. ಆ ಅಂಕಿಯನ್ನು ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಇಂಟೆಲ್ ಸಂಸ್ಥೆಯ 'ಕೋರ್ ಐ೫-೧೨೪೦೦' ಎಂಬ ಪ್ರೊಸೆಸರಿನ ಮೂಲ ಅಂಕಿ ೬೫ ವ್ಯಾಟ್. ಆದರೆ ಭರದಿಂದ ದುಡಿಯುವಾಗ ಅದು ೧೧೭ ವ್ಯಾಟಿನವರೆಗೂ ಏರಬಹುದೆಂದು ಸಂಸ್ಥೆಯೇ ಹೇಳಿದೆ. ಅದೇ ಸಂಸ್ಥೆ ೨೦೨೩ರಲ್ಲಿ ಹೊರತಂದ 'ಎನ್ ೧೦೦'ಕ್ಕೆ ೬ ವ್ಯಾಟಿನ ಅಂಕಿ. ಪಾಠದ ಚಲಚ್ಚಿತ್ರಗಳನ್ನು ನೋಡುವುದು, ಕನ್ನಡದಲ್ಲಿ ಪ್ರಬಂಧವನ್ನು ಬೆರಳಚ್ಚಿಸುವುದು, ಅಂತರಜಾಲದಲ್ಲಿ ನಿಘಂಟು ತೆರೆಯುವುದು ಇಷ್ಟಕ್ಕೆ ಈ ಚಿಕ್ಕದೇ ಸಾಕು. ಅಂಥದನ್ನು ಲೋಹದ ರೆಕ್ಕೆಗಳುಳ್ಳ ಹೀಟ್ ಸಿಂಕಿಗೆ ಅಂಟಿಸಿ, ಪಂಖವೇ ಇಲ್ಲದೆ ನಡೆಸುವವರಿದ್ದಾರೆ. ೨೦೨೦ರಲ್ಲಿ ಬಂದ 'ರಾಸ್ಪ್‌ಬೆರಿ ಪೈ ೪೦೦' ಎಂಬುದಂತೂ ಕೀಲಿಮಣೆಯೊಳಗೇ ಅಡಗಿದ, ಪಂಖವಿಲ್ಲದ ಗಣಕ.

ಇಲ್ಲೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ವಿಷಯದಲ್ಲಿ ಶೀತದೇಶದವರು ಬರೆದ ಸಲಹೆಗಳನ್ನು ನಾವು ಹಾಗೆಯೇ ಒಪ್ಪುವಂತಿಲ್ಲ. ಹೀಟ್ ಸಿಂಕು ಕಾವನ್ನು ಕೋಣೆಯ ಗಾಳಿಗೆ ಕೊಡುತ್ತದೆ. ಆದುದರಿಂದ ಅದು ಕೋಣೆಗಿಂತ ಬಿಸಿಯಾಗಿಯೇ ಇರಬೇಕು. ಪಂಖವು ನಿಧಾನವಾಗಿ ತಿರುಗುತ್ತಿರುವಾಗ ಒಂದು ಪ್ರೊಸೆಸರು ಕೋಣೆಗಿಂತ ೪೦ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆಂದು ಇಟ್ಟುಕೊಳ್ಳಿ. ೨೦ ಡಿಗ್ರಿಯ ಕೋಣೆಯಲ್ಲಿ ಅದು ೬೦ಕ್ಕೆ ನಿಂತೀತು. ಮೇ ತಿಂಗಳ ೩೪ ಡಿಗ್ರಿಯ ನಮ್ಮ ಖೋಲಿಯಲ್ಲಿ ೭೪ಕ್ಕೇರುತ್ತದೆ. ತಗಡಿನ ಮಾಡಿನಡಿಯ ಅಟ್ಟದ ಮನೆಯಾದರೆ ಹೇಳಬೇಕಾದುದೇ ಇಲ್ಲ. ಏರಿದ ಕಾವನ್ನು ಕಂಡು ಯಂತ್ರವು ತಾನಾಗಿಯೇ ಪಂಖವನ್ನು ರಭಸದಿಂದ ತಿರುಗಿಸುತ್ತದೆ. ಅಲ್ಲಿ ಪಿಸುಗುಟ್ಟುವ ಯಂತ್ರ ಇಲ್ಲಿ ಅರಚುವುದು ಈ ಕಾರಣದಿಂದ. ಹೀಗಾಗಿ ಅವರು ಹೇಳಿದುದಕ್ಕಿಂತ ಕಡಿಮೆ ವ್ಯಾಟಿನ ಪ್ರೊಸೆಸರನ್ನೂ, ಅವರು ಹೇಳಿದುದಕ್ಕಿಂತ ದೊಡ್ಡ ಹೀಟ್ ಸಿಂಕನ್ನೂ ನಾವು ಆರಿಸುವುದು ಯೋಗ್ಯ.

ಪಂಖ ಬೇಕೇಬೇಕೆಂದಾದರೆ ದೊಡ್ಡದನ್ನೇ ಆರಿಸಿ. ಊರಿನಲ್ಲಿ ಅಜ್ಜಿಯ ತಾಳೆಗರಿಯ ಬೀಸಣಿಗೆಯನ್ನು ನೀವು ನೋಡಿದ್ದೀರಿ. ಅದನ್ನು ಮೆಲ್ಲಗೆ ನಾಲ್ಕು ಸಲ ಆಡಿಸಿದರೆ ಬರುವ ಗಾಳಿಗೆ ಅಂಚೆಕಾರ್ಡನ್ನು ಪಟಪಟನೆ ಎಷ್ಟು ಸಲ ಬಡಿಯಬೇಕು! ೮೦ ಮಿಲಿಮೀಟರಿನ ಪಂಖದ ಬದಲಿಗೆ ಅದೇ ಆಕಾರದ ೧೨೦ ಮಿಲಿಮೀಟರಿನದನ್ನು ಹಾಕಿದರೆ, ಅಷ್ಟೇ ಗಾಳಿಗೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ವೇಗ ಸಾಕಾಗುತ್ತದೆ. ವೇಗ ಇಳಿದರೆ ಸದ್ದು ಎಷ್ಟು ಇಳಿಯುತ್ತದೆಂಬುದು ಇನ್ನೂ ಸ್ವಾರಸ್ಯಕರ: ಒಂದು ಪಂಖದ ವೇಗವನ್ನು ಅರ್ಧಕ್ಕೆ ತಗ್ಗಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು ೧೫ ಡೆಸಿಬೆಲ್ ಕೆಳಗಿಳಿಯುತ್ತದೆ. ನಾಲ್ಕು ತಂತಿಯ ಪಂಖವನ್ನು ಕೇಳಿ ಪಡೆಯಿರಿ. ಅದರ ವೇಗವನ್ನು ಮದರ್‌ಬೋರ್ಡು ಕಾವಿಗೆ ತಕ್ಕಂತೆ ಏರಿಸಿ ಇಳಿಸಬಲ್ಲುದು.

ಇನ್ನು ಹಾರ್ಡ್ ಡಿಸ್ಕು. ಅದರೊಳಗಿನ ತಟ್ಟೆ ನಿಮಿಷಕ್ಕೆ ೭,೨೦೦ ಸುತ್ತು, ಅಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತದೆ. ಆದುದರಿಂದ ೧೨೦ ಹರ್ಟ್ಸಿನ ಮಂದ್ರದ ಗುಂಗು. ಡಿಸ್ಕಿನಷ್ಟಕ್ಕೆ ಈ ಸದ್ದು ದೊಡ್ಡದಲ್ಲ. ಮೀರಜಿನ ತಂಬೂರಿಯನ್ನು ನೆನೆಯಿರಿ: ಬರಿಯ ತಂತಿಯನ್ನು ಮೀಟಿದರೆ ಎಷ್ಟು ಕೇಳೀತು? ಬುರುಡೆಯೇ ಅದನ್ನು ದೊಡ್ಡದು ಮಾಡುವುದು. ಇಲ್ಲಿ ಕ್ಯಾಬಿನೆಟ್ಟಿನ ತೆಳುತಗಡು ಬುರುಡೆಯ ಕೆಲಸ ಮಾಡುತ್ತದೆ. ಆ ಕ್ಯಾಬಿನೆಟ್ಟನ್ನು ಉಕ್ಕಿನ ಕಪಾಟಿನ ಮೇಲೆ ಇಟ್ಟರೆ ಕಪಾಟೂ ಹಾಡತೊಡಗುತ್ತದೆ. ಡಿಸ್ಕಿಗೆ ರಬ್ಬರಿನ ಬಿಲ್ಲೆಗಳನ್ನು ಹಾಕಿದರೆ ಕಂಪನ ತಗಡಿಗೆ ದಾಟದು. ಅದಕ್ಕಿಂತ ಮೇಲು, ಚಲಿಸುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯನ್ನು ಕೊಂಡು ಈ ಗುಂಗನ್ನೇ ಇಲ್ಲವಾಗಿಸುವುದು. ಬಿಡಿಭಾಗಗಳಲ್ಲೆಲ್ಲ ಹಣಕ್ಕೆ ತಕ್ಕ ಮೌನ ಸಿಗುವುದು ಇದರಲ್ಲಿಯೇ ಎಂದು ನನ್ನ ಅಭಿಪ್ರಾಯ. ಯಂತ್ರದ ವೇಗವೂ ಹೆಚ್ಚುತ್ತದೆ.

ಕ್ಯಾಬಿನೆಟ್ಟಿನ ಜೊತೆಗೆ ಅಗ್ಗವಾಗಿ ಬರುವ ಪವರ್ ಸಪ್ಲೈಯನ್ನು ಒಪ್ಪಿಕೊಳ್ಳುವ ಮುನ್ನ ಒಂದು ಗಣಿತ ಮಾಡಿ ನೋಡಿ. ಯಂತ್ರಕ್ಕೆ ೧೦೦ ವ್ಯಾಟ್ ಬೇಕು. ಪವರ್ ಸಪ್ಲೈಯ ದಕ್ಷತೆ ನೂರಕ್ಕೆ ೮೦ ಆದರೆ ಗೋಡೆಯಿಂದ ೧೨೫ ವ್ಯಾಟ್ ಸೆಳೆಯಬೇಕು. ಉಳಿದ ೨೫ ವ್ಯಾಟ್ ಆ ಡಬ್ಬಿಯೊಳಗೇ ಕಾವಾಗಿ, ಅದರ ಪಂಖವನ್ನು ಓಡಿಸುತ್ತದೆ. ದಕ್ಷತೆ ೯೦ ಆದರೆ ಸೆಳೆಯುವುದು ಸುಮಾರು ೧೧೧, ಕಾವು ೧೧ ವ್ಯಾಟ್ ಮಾತ್ರ. ಸದ್ದಿನೊಂದಿಗೆ ವಿದ್ಯುತ್ತಿನ ಬಿಲ್ಲೂ ಇಳಿಯಿತಷ್ಟೆ. ಗ್ರಾಫಿಕ್ಸ್ ಕಾರ್ಡಿನ ಮಾತು ಸುಲಭ: ಪ್ರೊಸೆಸರಿನಲ್ಲಿಯೇ ಚಿತ್ರಗಳನ್ನು ಮೂಡಿಸುವ ಭಾಗವಿದ್ದರೆ ಬೇರೆ ಕಾರ್ಡು ಬೇಡ. ಅದು ಆಟಗಳಿಗೆ ಬೇಕೆಂದು ನಿಮ್ಮಲ್ಲಿ ಕೆಲವರು ಗೊಣಗುವುದು ನನಗೆ ಗೊತ್ತು.

ಕೊಳ್ಳುವುದಾದರೆ ಎಲ್ಲಿ? ದಾದರಿನಲ್ಲಿ ಪಶ್ಚಿಮ ರೈಲ್ವೆಯ ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಇಳಿದರೆ ಲ್ಯಾಮಿಂಗ್ಟನ್ ರೋಡು ಹತ್ತಿರವೇ. ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ ಭಡಕಮಕರ ಮಾರ್ಗ. ಹೊಸದಕ್ಕೆ ಹಣ ಸಾಲದವರು, ಕಚೇರಿಗಳು ಬಳಸಿ ಮಾರಿದ ಪುಸ್ತಕದ ಗಾತ್ರದ ಚಿಕ್ಕ ಗಣಕಗಳನ್ನು ವಿಚಾರಿಸಬಹುದು. ಅಂಥವುಗಳಲ್ಲಿ ಅನೇಕಕ್ಕೆ ೩೫ ವ್ಯಾಟಿನ ಪ್ರೊಸೆಸರು ಇರುತ್ತದೆ; ಪಾಠದ ಕೆಲಸಕ್ಕೆ ಅದರ ಪಂಖ ಬಿರುಸಾಗುವ ಪ್ರಸಂಗ ಕಡಿಮೆ. ಅಂಗಡಿಯ ಗದ್ದಲದಲ್ಲಿ ಎಂಥ ಯಂತ್ರವೂ ಮೌನಿಯಾಗಿಯೇ ತೋರುವುದರಿಂದ, ಸದ್ದು ಹೆಚ್ಚಾದರೆ ಬದಲಿಸಿಕೊಡುವಿರಾ ಎಂದು ಮೊದಲೇ ಕೇಳಿ, ರಸೀತಿಯ ಮೇಲೆ ಬರೆಯಿಸಿಕೊಳ್ಳಬೇಕು.

ಮನೆಗೆ ತಂದಮೇಲೆ ರಾತ್ರಿ ಹನ್ನೊಂದರ ನಂತರ ಪರೀಕ್ಷಿಸಿ. ಕಾಗದವನ್ನು ನಳಿಗೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಕ್ಯಾಬಿನೆಟ್ಟಿನ ಹೊರಮೈಯ ಮೇಲೆ ಸರಿಸುತ್ತ ಹೋದರೆ ಸದ್ದು ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಸದ್ದನ್ನೇ ಮೊದಲು ಹಿಡಿಯಿರಿ. ೪೦ ಡೆಸಿಬೆಲ್ಲಿನ ಡಿಸ್ಕಿನ ಪಕ್ಕದಲ್ಲಿರುವ ೨೫ ಡೆಸಿಬೆಲ್ಲಿನ ಪಂಖವನ್ನು ತೆಗೆದೇ ಹಾಕಿದರೂ ಮಲಗಿದವರಿಗೆ ವ್ಯತ್ಯಾಸ ತಿಳಿಯದು. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ, ಹಿರಿಯರೆದುರಿಗೆ ತಂತಿಯನ್ನು ಗೋಡೆಯಿಂದ ಕಳಚಿ, ಹೀಟ್ ಸಿಂಕಿನ ರೆಕ್ಕೆಗಳ ನಡುವಿನ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು. ಕಟ್ಟಡಗಳ ಕೆಲಸ ನಿಲ್ಲದ ನಮ್ಮ ಕಡೆ ಧೂಳು ಬೇಗ ಕೂಡುತ್ತದೆ; ಧೂಳು ಮುಚ್ಚಿದರೆ ಕಾವು ಹೋಗದು, ಪಂಖ ಮತ್ತೆ ಅರಚುತ್ತದೆ.

ಒಂದು ಬಗೆಯ ಸದ್ದು ಉಳಿಯಿತು. ಮದರ್‌ಬೋರ್ಡು, ಪವರ್ ಸಪ್ಲೈಗಳಲ್ಲಿ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ವಿದ್ಯುತ್ತಿನ ಏರಿಳಿತಕ್ಕೆ ಅವು ಕೆಲವೊಮ್ಮೆ ಸೊಳ್ಳೆಯಂತೆ ಸಣ್ಣಗೆ ಕೂಗುತ್ತವೆ. ವಯಸ್ಸು ಏರಿದಂತೆ ಮನುಷ್ಯನ ಕಿವಿ ಉಚ್ಚಸ್ವರಗಳನ್ನು ಕಳೆದುಕೊಳ್ಳುತ್ತ ಹೋಗುವುದರಿಂದ, ನಿಮಗೆ ಸ್ಪಷ್ಟವಾಗಿ ಕೇಳುವ ಈ ಕೂಗು ನಿಮ್ಮ ತಂದೆಯವರಿಗೂ ಅಂಗಡಿಯವರಿಗೂ ಕೇಳದೆ ಇರಬಹುದು. ಆದುದರಿಂದ ಅಂಗಡಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ; ಕೂಗು ಕೇಳಿಸಿದರೆ ಸಂಕೋಚವಿಲ್ಲದೆ ಅಲ್ಲಿಯೇ ಹೇಳಿ.